ಮೈಕಿನಲ್ಲಿ ಹೇಳದ ಸಕ್ಕರೆ

ನನ್ನ ಮೇಲೊಂದು ಅಪವಾದವಿತ್ತು. ಉಪವಾಸಕ್ಕೆ ಕೂತು ಕದ್ದು ತಿಂದವಳು ಎಂದು. ತಾಂಡೂರಿನ ನಮ್ಮ ಓಣಿಯಲ್ಲಿ ಅದನ್ನು ನಂಬದವರು ಬಹಳ ಕಡಿಮೆ, ಆ ಕಡಿಮೆಯವರಲ್ಲಿ ನಾನೂ ಒಬ್ಬಳು. ಆಗ ನನಗೆ ಹದಿನೇಳು. ತೂಕ ಎಷ್ಟಿತ್ತು ಎಂದು ಹೇಳುವುದಿಲ್ಲ. ಟಾಕೀಸಿನ ಕುರ್ಚಿ ಒಮ್ಮೊಮ್ಮೆ ನನ್ನ ಜೊತೆಗೇ ಎದ್ದು ಬರುತ್ತಿತ್ತು ಎಂದರೆ ಸಾಕು.

ತೆಲಂಗಾಣ ಚಳವಳಿಯ ವರ್ಷಗಳು ಅವು. ಕಾಲೇಜು ನಡೆದ ದಿನಗಳಿಗಿಂತ ಬಂದ್ ಆದ ದಿನಗಳೇ ಜಾಸ್ತಿ. ಚೌರಸ್ತಾದಲ್ಲಿ ಒಂದು ಟೆಂಟು ಹಾಕಿದ್ದರು. ದಿನಕ್ಕೊಂದು ಗುಂಪು ಬೆಳಿಗ್ಗೆಯಿಂದ ಸಂಜೆಯವರೆಗೆ ಏನೂ ತಿನ್ನದೆ ಅದರಲ್ಲಿ ಕೂರಬೇಕು, ಮರುದಿನ ಬೇರೆ ಗುಂಪು. ವಕೀಲರು ಕೂತರು, ಆಟೋದವರು ಕೂತರು, ಬಟ್ಟೆ ಅಂಗಡಿಯವರು ಕೂತರು. ನಡುವೆ ಎಂದಾದರೂ ಒಂದು ದಿನ ರಸ್ತೆಯ ಮೇಲೇ ಒಲೆ ಹೂಡಿ, ಅಡುಗೆ ಮಾಡಿ, ಸಾಲಾಗಿ ಕೂತು ಉಣ್ಣುವ ಕಾರ್ಯಕ್ರಮವೂ ಇರುತ್ತಿತ್ತು. ಹಸಿಯುವುದೂ ಹೋರಾಟ, ಉಣ್ಣುವುದೂ ಹೋರಾಟ. ಎರಡನೆಯದಕ್ಕೆ ನಾನು ಹೋದಾಗ ಯಾರೂ ಏನೂ ಕೇಳಿರಲಿಲ್ಲ. ಒಬ್ಬರು ಬಂದು ಇನ್ನೊಂದು ಸೌಟು ಅನ್ನ ಬಡಿಸಿದ್ದರು.

ಟೆಂಟಿನ ಉಸ್ತುವಾರಿ ಒಬ್ಬ ಶಾಲೆಯ ಮಾಸ್ತರರದು. ಬೊಮ್ರಾಸಪೇಟ್ ಕಡೆಯವರು. ಮೈಕಿನಲ್ಲಿ ತೆಲುಗು, ನಮ್ಮ ಜೊತೆ ಕನ್ನಡ, ಬಾಜಾರಿನವರ ಜೊತೆ ದಖ್ನಿ ಉರ್ದು. ಒಳ್ಳೆಯ ಮನುಷ್ಯ, ಆದರೆ ಗಡಿಬಿಡಿ ಜಾಸ್ತಿ. ಅವರು ಟೆಂಟಿನಲ್ಲಿ ಒಂದು ಪದ್ಧತಿ ಶುರು ಮಾಡಿದ್ದರು. ಮಧ್ಯಾಹ್ನ ಇಳಿದ ಮೇಲೆ ಒಂದು ದವಾಖಾನೆಯ ಕಾಂಪೌಂಡರ್ ಬಂದು, ಕೂತವರ ಬೆರಳು ಚುಚ್ಚಿ, ಸಣ್ಣ ಮಷೀನಿನಲ್ಲಿ ಸಕ್ಕರೆ ನೋಡುತ್ತಿದ್ದ. ಬಂದ ಅಂಕಿಯನ್ನು ಮಾಸ್ತರರು ಮೈಕಿನಲ್ಲಿ ಓದುತ್ತಿದ್ದರು. ನೋಡಿರಿ, ನಮ್ಮ ಅಣ್ಣನ ಸಕ್ಕರೆ ಬೀಳುತ್ತಿದೆ, ನಮ್ಮ ತಮ್ಮನ ಸಕ್ಕರೆ ಬೀಳುತ್ತಿದೆ, ಸರಕಾರಕ್ಕೆ ಕಣ್ಣಿಲ್ಲವೇ ಎಂದು. ಅಂಕಿ ಎಷ್ಟು ಕೆಳಗಿದ್ದರೆ ಅಷ್ಟು ಜೋರು ಚಪ್ಪಾಳೆ. ಬೆಳಿಗ್ಗೆ ಮನೆಯಲ್ಲಿ ಗಟ್ಟಿಯಾಗಿ ತಿಂದು ಬಂದು ಮಧ್ಯಾಹ್ನ ಸುಸ್ತಾದವರಂತೆ ಒರಗುವವರೂ ಇದ್ದರು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ನಮ್ಮ ಕಾಲೇಜಿನ ಹುಡುಗಿಯರ ಸರದಿ ಬಂತು. ನಾನು ಹೆಸರು ಕೊಟ್ಟೆ. ನಿಜ ಹೇಳುವುದಾದರೆ ನನಗೆ ರಾಜ್ಯದ ಬಗ್ಗೆ ಬಹಳ ಯೋಚನೆ ಇರಲಿಲ್ಲ. ಹಸಿದು ಕೂತವಳು ಎಂದು ಒಂದು ದಿನ ಅನ್ನಿಸಿಕೊಳ್ಳಬೇಕು ಎಂಬ ಆಸೆ ಇತ್ತು. ಅಲ್ಲಿಯವರೆಗೆ ನನ್ನ ಬಗ್ಗೆ ಜನ ಹೇಳಿದ್ದೆಲ್ಲ ತಿನ್ನುವುದರ ಬಗ್ಗೆಯೇ ಇತ್ತು. ಅದಕ್ಕೇ ಹಿಂದಿನ ದಿನ ಬೇಗ ಉಂಡು ಮಲಗಿದೆ. ಬೆಳಿಗ್ಗೆ ಚಹಾ ಕೂಡ ಕುಡಿಯಲಿಲ್ಲ. ಅವ್ವ ಚಹಾದ ಬಸಿ ಹಿಡಿದು ಬಾಗಿಲ ತನಕ ಬಂದಳು. ಬೇಡ ಎಂದು ಹೇಳಿ ಹೊರಟೆ.

ಟೆಂಟಿನಲ್ಲಿ ಮಾಸ್ತರರು ನನ್ನನ್ನು ನೋಡಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಮೆತ್ತಗೆ, ಹಿಂದಿನ ಸಾಲಿನಲ್ಲಿ ಕೂರಲು ಹೇಳಿದರು. ಪೇಪರಿನವರು ಫೋಟೊ ತೆಗೆಯಲು ಬರುತ್ತಾರಂತೆ. ಕಾರಣವನ್ನು ಅವರು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಉಪವಾಸದ ಫೋಟೊದಲ್ಲಿ ನನ್ನಂಥವಳು ಮುಂದೆ ಕೂತರೆ ವಿರೋಧಿಗಳಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಹಿಂದೆ ಹೋಗಿ ತಾಂಡೂರಿನ ನೀಲಿ ಹಾಸುಗಲ್ಲಿನ ಮೇಲೆ ಕೂತೆ. ಕಲ್ಲು ತಣ್ಣಗಿತ್ತು, ಅದೊಂದು ಸುಖ.

ದಿನವಿಡೀ ನೀರಷ್ಟೇ ಕುಡಿದೆ. ಬಹಳ ಕುಡಿದೆ. ಮೇಲಿಂದ ಮೇಲೆ ಬಚ್ಚಲಿಗೆ ಹೋಗಿ ಬಂದೆ. ಟೆಂಟಿಗೆ ಬಚ್ಚಲು ಇರಲಿಲ್ಲ. ಹಿಂದಿನ ಗಲ್ಲಿಯಲ್ಲಿದ್ದ ಒಂದು ಮನೆಯವರು ಹುಡುಗಿಯರಿಗಾಗಿ ಬಾಗಿಲು ತೆರೆದಿಟ್ಟಿದ್ದರು. ಬೇರೆಯವರು ಒಮ್ಮೆ ಹೋಗಿ ಬಂದರೆ ನಾನು ನಾಲ್ಕು ಸಲ ಹೋದೆ. ಇದು ಆಮೇಲೆ ನನ್ನ ವಿರುದ್ಧದ ಸಾಕ್ಷಿಯಾಯಿತು.

ಮಧ್ಯಾಹ್ನ ಕಾಂಪೌಂಡರ್ ಬಂದ. ಮುಂದಿನ ಸಾಲಿನಿಂದ ಶುರು ಮಾಡಿದ. ಎಂಬತ್ತು, ಎಪ್ಪತ್ತೆರಡು, ಎಪ್ಪತ್ತು. ಮಾಸ್ತರರ ದನಿ ಪ್ರತಿ ಅಂಕಿಗೂ ಏರುತ್ತ ಹೋಯಿತು. ನನ್ನ ಬೆರಳು ಚುಚ್ಚಿದ ಕಾಂಪೌಂಡರ್ ಮಷೀನನ್ನು ಎರಡು ಸಲ ಅಲ್ಲಾಡಿಸಿ, ಕೈ ತೊಳೆದುಕೊಂಡು ಬಾ ಎಂದ. ತೊಳೆದು ಬಂದೆ. ಬೇರೆ ಬೆರಳು ಚುಚ್ಚಿದ. ಮುಂದಿನ ಸಾಲಿನವರ ಅಂಕಿಗಿಂತ ಎರಡು ಪಟ್ಟಿಗೂ ಮೇಲಿತ್ತು. ಅವನು ಅದನ್ನು ಮಾಸ್ತರರಿಗೆ ತೋರಿಸಿದ. ಮಾಸ್ತರರು ಮೈಕನ್ನು ಬಾಯಿಯ ಹತ್ತಿರ ತಂದವರು ಹಾಗೇ ಕೆಳಗಿಳಿಸಿದರು. ನಂತರ ನನ್ನನ್ನು ಬಿಟ್ಟು ಮುಂದಿನ ಹುಡುಗಿಯ ಅಂಕಿ ಓದಿದರು.

ಯಾರೂ ನನಗೆ ನೇರವಾಗಿ ಏನೂ ಹೇಳಲಿಲ್ಲ. ಬಚ್ಚಲಿಗೆ ಎಷ್ಟು ಸಲ ಹೋಗಿದ್ದಳು ಎಂಬ ಮಾತು ಮುಂದಿನ ಸಾಲಿನಲ್ಲಿ ಹುಟ್ಟಿ ಹಿಂದಿನ ಸಾಲಿಗೆ ಬಂತು. ಆ ಮನೆಯಲ್ಲಿ ಅವತ್ತು ಪೂರಿ ಕರಿದಿದ್ದರು ಎಂದು ಒಬ್ಬಳು ಸೇರಿಸಿದಳು. ನನಗೆ ಪೂರಿಯ ವಾಸನೆ ಬಂದದ್ದು ನಿಜ. ತಿಂದದ್ದು ಸುಳ್ಳು. ಆದರೆ ಮಷೀನು ಸುಳ್ಳು ಹೇಳುತ್ತದೆಯೇ? ಉಪವಾಸ ಇದ್ದರೆ ಸಕ್ಕರೆ ಬೀಳಬೇಕು. ಬಿದ್ದಿಲ್ಲ ಅಂದರೆ ಉಪವಾಸ ಇಲ್ಲ. ಇಡೀ ಟೆಂಟಿಗೆ ಗೊತ್ತಿದ್ದ ವೈದ್ಯಶಾಸ್ತ್ರ ಇಷ್ಟೇ, ಕಾಂಪೌಂಡರನಿಗೂ ಅವತ್ತು ಅಷ್ಟೇ ಹೊಳೆಯಿತು. ನನ್ನ ಮೈ ನೋಡಿದ ಮೇಲೆ ಬೇರೆ ಯೋಚನೆ ಯಾಕೆ ಬರಬೇಕು?

ಸಂಜೆ ಎಲ್ಲರಿಗೂ ನಿಂಬೆ ಶರಬತ್ತು ಕೊಟ್ಟು ಉಪವಾಸ ಬಿಡಿಸಿದರು. ಮಾಸ್ತರರೇ ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಕೊಡುತ್ತ ಬಂದರು. ನನ್ನ ಹತ್ತಿರ ಬಂದಾಗ ತಟ್ಟೆ ನಿಲ್ಲಲಿಲ್ಲ. ನನ್ನ ಪಕ್ಕದವಳಿಗೆ ಕೊಟ್ಟರು, ಆಚೆಯವಳಿಗೆ ಕೊಟ್ಟರು. ನನಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಮನೆಗೆ ನಡೆದೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಎದುರು ಮನೆಯಾಕೆ ತಂದಿದ್ದಳು. ಆಕೆ ಓಣಿಯ ಎಲ್ಲ ಸುದ್ದಿಗಳಿಗೂ ಎಲ್ಲ ಮದುವೆಗಳಿಗೂ ಮೂಲ. ಅವ್ವ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಮೊರ ಪಕ್ಕಕ್ಕಿಟ್ಟು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಏನು ತಿಂದೆ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಮತ್ತೆ ಕೇಳಿದಳು. ಮತ್ತೆ ಅದೇ ಹೇಳಿದೆ. ಮೂರನೆಯ ಸಲ ಅವಳ ದನಿ ಬೇರೆಯಾಗಿತ್ತು.

"ತಿಂದೀನಿ ಅನ್ನವ್ವ. ನಾ ಬೈಯಂಗಿಲ್ಲ. ಒಂದ್ ಸಲ ತಿಂದೀನಿ ಅಂದುಬಿಡು."

ಆಗ ನನಗೆ ಅರ್ಥವಾಗಲಿಲ್ಲ. ಅವ್ವನೂ ನಂಬುವುದಿಲ್ಲವಲ್ಲ ಎಂದು ನೋವಾಯಿತು. ನಂಬದಿರಲು ಅವಳಿಗೆ ಕಾರಣವಿತ್ತು. ನಾರಾಯಣಖೇಡದಲ್ಲಿ ಅವಳ ಅಣ್ಣ ಇದ್ದ, ನನ್ನ ಮಾವ. ಅವನಿಗೆ ಸಕ್ಕರೆ ರೋಗ. ಹಾಸಿಗೆಯ ಕೆಳಗೆ ಬೆಲ್ಲದ ತುಂಡು ಇಟ್ಟುಕೊಂಡು, ಬಾಯಿ ಒರೆಸಿಕೊಂಡು, ತಿಂದಿಲ್ಲ ಎಂದು ದೇವರ ಮೇಲೆ ಆಣೆ ಮಾಡುತ್ತಿದ್ದ. ಮೊದಲು ಕಾಲಿನ ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಅವನೇ ಹೋದ. ತಿಂದಿಲ್ಲ ಎಂಬ ಮಾತನ್ನು ಅವ್ವ ಜೀವಮಾನಕ್ಕೆ ಸಾಕಾಗುವಷ್ಟು ಕೇಳಿದ್ದಳು.

ಆದರೆ ಈ ಸಲ ಅವಳಿಗೆ ಬೇಕಿದ್ದದ್ದು ನನ್ನ ಸುಳ್ಳು ಸಿಕ್ಕಿಬೀಳುವುದು. ಮಗಳು ಕದ್ದು ತಿಂದಿದ್ದರೆ ಮಗಳಿಗೆ ರೋಗವಿಲ್ಲ. ತಿಂದಿಲ್ಲವಾದರೆ ನಾರಾಯಣಖೇಡದ ಆ ಹಾಸಿಗೆ ನಮ್ಮ ಮನೆಗೆ ಬಂತು ಎಂದೇ ಲೆಕ್ಕ. ನಾನು ನಿಜ ಹೇಳುತ್ತಿದ್ದೇನೆ ಎಂದು ಸಾಬೀತಾಗಲಿ ಅಂತ ನಾನು, ಸುಳ್ಳಾಗಲಿ ಅಂತ ಅವ್ವ. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಅಂಕಿಗೆ ಕಾದೆವು.

ಅಪ್ಪ ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ಪಾಳಿ ಮುಗಿಸಿ ಬಂದವನು ಎಲ್ಲ ಕೇಳಿ, ಊರಿನ ದವಾಖಾನೆಗೆ ತೋರಿಸೋಣ ಎಂದ. ಅವ್ವ ಒಪ್ಪಲಿಲ್ಲ. ತಾಂಡೂರಿನಲ್ಲಿ ತೋರಿಸಿದರೆ ಮೈಕು ಬೇರೆ ಬೇಕಾಗಿಲ್ಲ ಎಂದಳು. ಜಹೀರಾಬಾದಿನಲ್ಲಿ ಬೀದರ್ ಕಡೆಯ ಒಬ್ಬ ಡಾಕ್ಟರಮ್ಮ ಇದ್ದಾಳೆ, ಮಾವನನ್ನೂ ಮೊದಲು ನೋಡಿದವಳು ಆಕೆಯೇ, ಅಲ್ಲಿಗೇ ಹೋಗೋಣ ಎಂದು ತೀರ್ಮಾನವಾಯಿತು.

ಖಾಲಿ ಹೊಟ್ಟೆಯಲ್ಲಿ ಹೋಗಬೇಕಿತ್ತು. ಹಿಂದಿನ ಸಂಜೆ ನನಗೆ ಉಣ್ಣಲು ಕೊಟ್ಟು ಅವ್ವ ಅಡುಗೆ ಮನೆಗೆ ಬೀಗ ಹಾಕಿದಳು. ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ದೇವರ ಮುಂದಿದ್ದ ಸಕ್ಕರೆ ಬಟ್ಟಲನ್ನೂ ಒಳಗಿಟ್ಟಳು, ಆ ದಿನ ದೇವರಿಗೂ ಉಪವಾಸ. ನನ್ನ ಕಾಲೇಜಿನ ಚೀಲ ಜಾಡಿಸಿ ನೋಡಿದಳು. ನನಗೆ ಅವಮಾನವಾಯಿತು, ಆದರೆ ಒಳಗೊಳಗೇ ಖುಷಿಯೂ ಆಯಿತು. ಈಗ ಸಾಕ್ಷಿ ಹೇಳುವವಳು ಅವ್ವನೇ ಆಗುತ್ತಾಳಲ್ಲ.

ಬಸ್ಸುಗಳು ನಿಂತಿದ್ದವು. ನಸುಕಿನಲ್ಲಿ ಒಂದು ಜೀಪು ಸಿಕ್ಕಿತು. ಎರಡು ಕಡೆ ರಸ್ತೆಗೆ ಕಲ್ಲು ಅಡ್ಡ ಇಟ್ಟಿದ್ದರು. ಒಂದು ಕಡೆ ಇಳಿದು ಜೈ ತೆಲಂಗಾಣ ಎಂದ ಮೇಲೆ ಬಿಟ್ಟರು. ಹಸಿದ ಹೊಟ್ಟೆಯಲ್ಲಿ ನಾನು ಕೂಗಿದ್ದು ಸಣ್ಣಗೆ ಬಂತು. ಅವ್ವ ನನ್ನ ಪಾಲಿನದೂ ಸೇರಿಸಿ ಕೂಗಿದಳು.

ಡಾಕ್ಟರಮ್ಮ ರಕ್ತ ತೆಗೆಯುವ ಮೊದಲು ನನ್ನ ಜಡೆ ಸರಿಸಿ ಕತ್ತು ನೋಡಿದರು. ನನ್ನ ಕತ್ತಿನ ಸುತ್ತ ಕಪ್ಪಾಗಿತ್ತು, ದಪ್ಪಗೆ, ಮಖಮಲ್ಲಿನಂತೆ. ಅವ್ವ ಅದನ್ನು ಕೊಳೆ ಎಂದು ತಿಳಿದು ವರ್ಷಗಟ್ಟಲೆ ಕಡಲೆಹಿಟ್ಟು, ಅರಿಶಿನ, ಕೊನೆಗೆ ಹಿಮ್ಮಡಿ ತಿಕ್ಕುವ ಕಲ್ಲಿನಿಂದಲೂ ತಿಕ್ಕಿದ್ದಳು. ಉರಿದು ನಾನು ಚೀರಿದರೆ, ನೆಟ್ಟಗೆ ಸ್ನಾನ ಮಾಡಿದ್ದರೆ ಈ ಗತಿ ಬರುತ್ತಿತ್ತೇ ಎನ್ನುತ್ತಿದ್ದಳು. ಡಾಕ್ಟರಮ್ಮ ಇದು ಕೊಳೆ ಅಲ್ಲ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಇದು ಒಳಗಿನಿಂದ ಬಂದದ್ದು ಎಂದರು. ಮೈ ದಪ್ಪವಿರುವ ಎಳೆಯರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಹೋದಾಗ ಹೀಗಾಗುತ್ತದೆ ಎಂದರು. ಅವ್ವ ತನ್ನ ಕೈಗಳನ್ನು ನೋಡಿಕೊಂಡಳು.

ರಕ್ತದ ಫಲಿತಾಂಶ ಬಂತು. ಬೀಗ ಹಾಕಿದ ಅಡುಗೆ ಮನೆಯ ನಂತರವೂ ಸಕ್ಕರೆ ಮೇಲೇ ಇತ್ತು. ಊಟ ಮಾಡದಿದ್ದರೂ ಲಿವರು ತನ್ನ ಪಾಡಿಗೆ ಸಕ್ಕರೆ ಬಿಡುತ್ತಲೇ ಇರುತ್ತದೆ, ತಡೆಯಬೇಕಾದ ಇನ್ಸುಲಿನ್ ಮಾತು ಅದು ಕೇಳುತ್ತಿಲ್ಲ, ಅದಕ್ಕೇ ಉಪವಾಸದಲ್ಲೂ ಏರಿದೆ, ಬಾಯಾರಿಕೆಯೂ ಪದೇಪದೇ ಬಚ್ಚಲಿಗೆ ಹೋಗುವುದೂ ಅದರಿಂದಲೇ ಎಂದು ಡಾಕ್ಟರಮ್ಮ ಹೇಳಿದರು. ನನಗೆ ಮೊದಲು ಆದದ್ದು ಸಂತೋಷ. ನಾನು ಗೆದ್ದಿದ್ದೆ. ಅವ್ವನ ಕಡೆ ತಿರುಗಿ, ನೋಡಿದೆಯಾ, ನಾನು ತಿಂದಿರಲಿಲ್ಲ ಎಂದೆ. ಅವ್ವ ಸೆರಗಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಅವಳ ಮುಖ ನೋಡಿದ ಮೇಲೆ ನನ್ನ ಗೆಲುವು ನಿಂತಲ್ಲೇ ನಿಂತಿತು.

ಆಮೇಲೆ ಏನು ತಿನ್ನಬೇಕು ಎಂಬ ಮಾತು ಬಂತು. ನಮ್ಮ ಮನೆಯ ಊಟವನ್ನು ಅವ್ವ ವಿವರಿಸಿದಳು. ನೌಕರಿ ಮನೆ ಎಂದು ಜೋಳ ಬಿಟ್ಟು ಬೆಳ್ಳನೆಯ ಅನ್ನಕ್ಕೆ ಬಂದದ್ದು, ಪಾಲಿಶ್ ಮಾಡಿದ ಬೇಳೆ, ಸಂಜೆ ಮಿರ್ಚಿ ಭಜಿ, ಚಹಾದ ಜೊತೆ ಬಿಸ್ಕತ್ತು. ಪಲ್ಯ? ಇರುತ್ತದೆ, ಇವಳು ತಟ್ಟೆಯ ಅಂಚಿಗೆ ಸರಿಸುತ್ತಾಳೆ ಎಂದಳು. ಡಾಕ್ಟರಮ್ಮ ಹೇಳಿದ್ದನ್ನು ನನಗೆ ನೆನಪಿದ್ದಷ್ಟು ಹೇಳುತ್ತೇನೆ. ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಒಳಗೊಳಗೇ ಮೈಯನ್ನು ಹೊಗೆಯಾಡಿಸುತ್ತಿರುತ್ತದೆ. ಅದನ್ನು ತಣಿಸುವ ಪದಾರ್ಥಗಳು ಸೊಪ್ಪು, ಕಾಯಿ, ಹಣ್ಣುಗಳ ಬಣ್ಣದಲ್ಲಿ, ಹುಳಿಯಲ್ಲಿ, ಕಾಳಿನ ಸಿಪ್ಪೆಯಲ್ಲಿ ಇರುತ್ತವೆ. ದಪ್ಪವಿರುವ ಮಕ್ಕಳ ರಕ್ತದಲ್ಲಿ ಅವು ಕಡಿಮೆ ಇರುವುದು ಸಾಮಾನ್ಯ. ಹೊಟ್ಟೆ ತುಂಬ ಉಂಡರೂ ಆ ಮಟ್ಟಿಗೆ ಅವರು ಉಪವಾಸವೇ.

ಉಪವಾಸ ಎಂಬ ಮಾತು ಕೇಳಿ ನಾನು ತಲೆ ಎತ್ತಿದೆ. ಹಾಗಿದ್ದರೆ ಟೆಂಟಿನಲ್ಲಿ ಕೂರುವುದಕ್ಕೆ ಎಷ್ಟೋ ಮೊದಲೇ ನಾನು ಉಪವಾಸ ಕೂತಿದ್ದೆ.

ಅವ್ವ ಕೇಳಿದ್ದು ಒಂದೇ. ಅದಕ್ಕೆ ಗುಳಿಗೆ ಇಲ್ಲವೇ? ಸಕ್ಕರೆ ಇಳಿಸುವ ಗುಳಿಗೆ ಬರೆದುಕೊಟ್ಟರು. ಬಣ್ಣದ ಸತ್ವದ ಕ್ಯಾಪ್ಸೂಲುಗಳೂ ಅಂಗಡಿಯಲ್ಲಿ ಸಿಗುತ್ತವೆ, ಆದರೆ ತಟ್ಟೆಯಲ್ಲಿ ತಿಂದಷ್ಟು ಉಪಯೋಗ ಅವುಗಳಿಂದ ಆಗುತ್ತದೆ ಎಂದು ತಾನು ಹೇಳಲಾರೆ ಎಂದರು. ತೂಕ ಇಳಿಯಬೇಕು, ನಡೆಯಬೇಕು, ತಟ್ಟೆ ಬದಲಾಗಬೇಕು. ಇನ್ನೂ ಎಳೆ ವಯಸ್ಸು, ಈಗ ಹಿಡಿದರೆ ಹಿಡಿದಂತೆ ಎಂದರು.

ಹೊರಗೆ ಬಂದು ಜೀಪಿಗೆ ಕಾಯುವಾಗ ಅವ್ವ ತನ್ನ ನಿರ್ಧಾರ ಹೇಳಿದಳು. ಯಾರಿಗೂ ಹೇಳುವುದಿಲ್ಲ. ಟೆಂಟಿನವರಿಗೂ ಇಲ್ಲ, ಎದುರು ಮನೆಯಾಕೆಗಂತೂ ಇಲ್ಲವೇ ಇಲ್ಲ. ಮತ್ತೆ ನನ್ನ ಹೆಸರು? ಎಂದು ಕೇಳಿದೆ.

"ತಿಂದಾಕಿ ಅಂದ್ರ ನಾಕ್ ದಿನ ನಗ್ತಾರ. ಸಕ್ರಿ ರೋಗದಾಕಿ ಅಂದ್ರ ನಿನ್ನ ಯಾರ್ ಮಾಡ್ಕೋತಾರ?"

ಅವಳ ಲೆಕ್ಕ ತಪ್ಪು ಎಂದು ನನಗೆ ಈಗಲೂ ಹೇಳಲು ಬರುವುದಿಲ್ಲ. ನಮ್ಮ ಕಡೆ ಕದ್ದು ತಿಂದ ಹುಡುಗಿಗೆ ಗಂಡು ಸಿಗುತ್ತದೆ, ರೋಗದ ಹುಡುಗಿಗೆ ಸಿಗುವುದಿಲ್ಲ. ಆದರೆ ಅವತ್ತು ನನಗೆ ಅವಳ ಮೇಲೆ ಬಹಳ ಸಿಟ್ಟು ಬಂತು. ನನ್ನನ್ನು ನಂಬುವವಳು ಒಬ್ಬಳು ಸಿಕ್ಕಿದ್ದಳು, ಅವಳ ಬಾಯಿಗೂ ಬೀಗ ಬಿತ್ತು.

ರೋಗ ಮುಚ್ಚಿಟ್ಟು ರೋಗಕ್ಕೆ ಅಡುಗೆ ಮಾಡುವುದು ಸುಲಭವಲ್ಲ. ಡಾಕ್ಟರಮ್ಮನ ಬಣ್ಣದ ಮಾತು ಅಪ್ಪನಿಗೆ ಮಾತ್ರ ಬೇಗ ತಿಳಿಯಿತು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕೆಂಪು ಬಣ್ಣ ಬಳಿಯುವುದು ಅವನ ದಿನದ ಕೆಲಸ. ಒಳಗಿನ ತುಕ್ಕಿಗೆ ತರಕಾರಿಯ ಬಣ್ಣ, ಅಷ್ಟೇ ತಾನೇ ಎಂದ. ಅವ್ವ ಬಣ್ಣ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದಳು. ಮೊದಲ ವಾರ ಗಜ್ಜರಿ ತಂದು, ತುಪ್ಪ ಸಕ್ಕರೆ ಸುರಿದು ಹಲ್ವ ಮಾಡಿದಳು. ಬಣ್ಣವೇನೋ ಚೆನ್ನಾಗಿ ಬಂದಿತ್ತು. ನಾನು ಚಮಚ ಎತ್ತುವ ಹೊತ್ತಿಗೆ ಅಪ್ಪ ತಟ್ಟೆ ಕಸಿದುಕೊಂಡ. ಹಾಳಾಗಬಾರದೆಂದು ತಾನೇ ಅಷ್ಟನ್ನೂ ತಿಂದ.

ಆಮೇಲೆ ಕ್ಯಾಪ್ಸೂಲಿನ ಕಾಲ ಬಂತು. ಅಡುಗೆ ಬದಲಾದರೆ ಓಣಿಗೆ ಗೊತ್ತಾಗುತ್ತದೆ, ಕ್ಯಾಪ್ಸೂಲು ನುಂಗಿದರೆ ಗೊತ್ತಾಗುವುದಿಲ್ಲ ಎಂದು ಅವ್ವನ ಯೋಚನೆ. ಔಷಧಿ ಅಂಗಡಿಯಿಂದ ಹಳದಿ, ಹಸಿರು, ಕೆಂಪು ಎಂದು ಮೂರು ಬಗೆ ತಂದಳು. ಅನ್ನದ ಮೇಲೆ ಅವನ್ನು ನುಂಗಿದೆ. ಎರಡು ತಿಂಗಳ ಮೇಲೆ ಜಹೀರಾಬಾದಿಗೆ ಹೋದರೆ ಗುಳಿಗೆಯಿಂದ ಸಕ್ಕರೆ ಸ್ವಲ್ಪ ಇಳಿದಿತ್ತು, ತೂಕ, ಕತ್ತಿನ ಕಪ್ಪು, ಉಳಿದದ್ದೆಲ್ಲ ಇದ್ದಲ್ಲೇ ಇತ್ತು. ಡಾಕ್ಟರಮ್ಮ ಕ್ಯಾಪ್ಸೂಲಿನ ಡಬ್ಬಿಗಳನ್ನು ನೋಡಿ, ಚಂದ ಇವೆ ಎಂದಷ್ಟೇ ಹೇಳಿ ವಾಪಸು ಕೊಟ್ಟರು.

ಅವತ್ತು ಮನೆಗೆ ಬಂದು ಅವ್ವ ಅಟ್ಟದ ಮೇಲಿದ್ದ ರೊಟ್ಟಿ ಹಂಚು ಕೆಳಗಿಳಿಸಿದಳು. ಜೋಳ ಬಂತು, ಸಿಪ್ಪೆ ಇದ್ದ ಬೇಳೆ ಬಂತು. ದಿನಾ ಪುಂಡಿ ಪಲ್ಯ, ಮೆಂತ್ಯೆ, ರಾಜಗಿರಿ, ಟೊಮ್ಯಾಟೊ, ಬೆಟ್ಟದ ನೆಲ್ಲಿ, ಕೆಂಪು ತಿರುಳಿನ ಪೇರಲ. ಎದುರು ಮನೆಯಾಕೆ, ಏನು ಇಷ್ಟು ಸೊಪ್ಪು ಎಂದು ಕೇಳಿದರೆ, ಅಕ್ಕಿ ಗಾಡಿ ಬಂದ್‌ನಲ್ಲಿ ಸಿಕ್ಕಿಬಿದ್ದಿದೆ ಎನ್ನುತ್ತಿದ್ದಳು. ಚಳವಳಿ ನಮ್ಮ ಮನೆಗೆ ಹೀಗೂ ಉಪಕಾರ ಮಾಡಿತು. ನನಗೆ ಪುಂಡಿ ಹುಳಿ ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಚಿಗೆ ಸರಿಸಿದರೆ ಅವ್ವ ಅದನ್ನು ನಡುವಿಗೆ ತರುತ್ತಿದ್ದಳು. ನನಗೆ ಮಾಡಿದ್ದನ್ನೇ ತಾನೂ ಉಂಡಳು. ಅಪ್ಪನಿಗೆ ಬೇರೆ ಅನ್ನ ಬೇಯಿಸಲಿಲ್ಲ, ಆತ ಕಾರ್ಖಾನೆಯ ಕ್ಯಾಂಟೀನಿನಲ್ಲಿ ತನ್ನ ಆಸೆ ತೀರಿಸಿಕೊಂಡ.

ನಡೆಯುವುದಕ್ಕೂ ಒಂದು ನೆಪ ಬೇಕಿತ್ತು. ದೊಡ್ಡ ಹುಡುಗಿ ತಾಯಿಯ ಜೊತೆ ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ ಜನ ನಿಲ್ಲಿಸಿ ಕೇಳುತ್ತಾರೆ. ಬಂದ್ ದಿನಗಳಲ್ಲಿ ಕರಣಕೋಟದ ರಸ್ತೆಯಲ್ಲಿ ಸಿಮೆಂಟ್ ಲಾರಿಗಳು ಇರುತ್ತಿರಲಿಲ್ಲ, ರಸ್ತೆ ಖಾಲಿ. ನಾವಿಬ್ಬರೂ ಬೆಳಿಗ್ಗೆ ಹೊರಟೆವು. ದಾರಿಯಲ್ಲಿ ಒಂದು ಚಹಾದಂಗಡಿಯವರು ನಮ್ಮನ್ನು ಪಾದಯಾತ್ರೆಯವರು ಎಂದು ತಿಳಿದು ನೀರು ಕೊಟ್ಟರು. ಒಬ್ಬ ಮುದುಕ ಒಂದು ಜೆಂಡಾ ಕೊಟ್ಟ. ಅವ್ವ ಅದನ್ನು ಮಡಚಿ ಇಟ್ಟುಕೊಂಡಳು. ಮರುದಿನದಿಂದ ಅದನ್ನು ಬಿಡಿಸಿ ಹಿಡಿದುಕೊಂಡೇ ಹೊರಟಳು. ಆಮೇಲೆ ಯಾರೂ ಯಾಕೆ ನಡೆಯುತ್ತೀರಿ ಎಂದು ಕೇಳಲಿಲ್ಲ. ಹಿಂದೆ ಬರುವವರು ಎಲ್ಲಿ ಎಂದು ಮಾತ್ರ ಒಬ್ಬರು ಕೇಳಿದರು. ಬರುತ್ತಿದ್ದಾರೆ ಎಂದಳು ಅವ್ವ.

ಟೆಂಟಿನ ಮುಂದೆಯೇ ಹಾದು ಹೋಗಬೇಕಿತ್ತು. ಅಲ್ಲಿ ಕೂತವರಲ್ಲಿ ಯಾರಾದರೂ, ತಿಂದದ್ದು ಕರಗಿಸಲು ಹೊರಟಳು ಎಂದು ನಗುತ್ತಿದ್ದರು. ಅವ್ವ ಜೆಂಡಾ ಇನ್ನೊಂದು ಹೆಗಲಿಗೆ ಹಾಕಿಕೊಂಡು ನಡಿಗೆ ಜೋರು ಮಾಡುತ್ತಿದ್ದಳು. ಮಾತು ಅವಳಿಗೂ ಕೇಳಿಸುತ್ತಿತ್ತು. ಒಮ್ಮೆ ಕೂಡ ತಿರುಗಿ ನೋಡಲಿಲ್ಲ.

ಹೀಗೆ ವರ್ಷಗಳು ಹೋದವು. ಟೆಂಟು ಎಷ್ಟೋ ಸಲ ಕಿತ್ತರು, ಎಷ್ಟೋ ಸಲ ಹಾಕಿದರು. ನನ್ನ ತೂಕ ಇಳಿಯಿತು. ತೆಳ್ಳಗಾದೆ ಎಂದಲ್ಲ, ಟಾಕೀಸಿನ ಕುರ್ಚಿ ತನ್ನ ಜಾಗದಲ್ಲೇ ಉಳಿಯುವಷ್ಟು. ಕತ್ತಿನ ಕಪ್ಪು ತಿಕ್ಕದೆಯೇ ತಿಳಿಯಾಯಿತು. ಸಕ್ಕರೆ ಹತೋಟಿಗೆ ಬಂತು, ಡಾಕ್ಟರಮ್ಮ ಗುಳಿಗೆ ಅರ್ಧ ಮಾಡಿದರು. ಇದು ಸೊಪ್ಪಿನಿಂದ ಆದದ್ದೋ, ನಡಿಗೆಯಿಂದಲೋ, ಗುಳಿಗೆಯಿಂದಲೋ ಎಂದು ಕೇಳಿದರೆ, ಬೇರೆ ಮಾಡಿ ಹೇಳಲು ಬರುವುದಿಲ್ಲ, ಮೂರನ್ನೂ ಬಿಡಬೇಡ ಎಂದರು. ಅಪವಾದ ಮಾತ್ರ ಇಳಿಯಲಿಲ್ಲ. ಯಾರದಾದರೂ ಮದುವೆಯಲ್ಲಿ ನಾನು ಜಿಲೇಬಿ ಬೇಡ ಎಂದರೆ, ಆಮೇಲೆ ಹಿಂದೆ ಹೋಗಿ ತಿನ್ನುತ್ತಾಳೆ ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಿದ್ದರು. ನಾನೂ ನಗುವುದನ್ನು ರೂಢಿ ಮಾಡಿಕೊಂಡೆ. ಎಲ್ಲರಿಗಿಂತ ಮೊದಲು ನಕ್ಕರೆ ಮಾತು ಬೇಗ ಮುಗಿಯುತ್ತದೆ.

ಇಷ್ಟರಲ್ಲಿ ಎದುರು ಮನೆಯಾಕೆ ನನಗೊಂದು ಸಂಬಂಧ ತಂದಿದ್ದಳು. ದೌಲತಾಬಾದಿನ ಕಡೆಯವರು, ಹುಡುಗನಿಗೆ ನೌಕರಿ. ಅವರು ಬಂದು ನೋಡಿ ಹೋಗಿದ್ದರು, ಒಪ್ಪಿಗೆ ಇದ್ದಂತಿತ್ತು. ಅವರು ಬರುವ ಮುಂಚೆ ಅವ್ವ ನನ್ನ ಗುಳಿಗೆಯ ಡಬ್ಬಿಯನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದಳು. ನನಗೆ ಅದು ಸರಿ ಕಾಣಲಿಲ್ಲ. ಹೇಳಿದೆ. ಮದುವೆಯಾದ ಮೇಲೆ ನಿಧಾನಕ್ಕೆ ಹೇಳೋಣ ಎಂದಳು. ಅವಳ ಮುಖ ಮಾತ್ರ ಆಮೇಲೆ ಬಹಳ ದಿನ ಗೆಲುವಾಗಿರಲಿಲ್ಲ.

ರಾಜ್ಯ ಬಂತು. ಆ ದಿನ ಚೌರಸ್ತಾದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೆಂಟು ಇದ್ದ ಕಡೆ ಈಗ ಪಟಾಕಿ. ಬಣ್ಣ ಎರಚಿದರು, ಡಪ್ಪು ಬಾರಿಸಿದರು, ಬುಟ್ಟಿಗಟ್ಟಲೆ ಲಾಡು ತಂದರು. ನಮ್ಮ ಓಣಿಯ ಹೆಂಗಸರೆಲ್ಲ ನೋಡಲು ಹೋಗಿದ್ದೆವು. ಎದುರು ಮನೆಯಾಕೆ ಅವ್ವನ ಕೈ ಹಿಡಿದುಕೊಂಡೇ ನಿಂತಿದ್ದಳು, ಸಂಬಂಧ ಕುದುರಿಸಿದ ಸಲಿಗೆಯಲ್ಲಿ. ಮಾಸ್ತರರು ಮುಖವೆಲ್ಲ ಗುಲಾಲು ಮಾಡಿಕೊಂಡು, ಲಾಡು ಹಂಚುತ್ತ ನಮ್ಮ ಕಡೆ ಬಂದರು. ವಯಸ್ಸಾಗಿತ್ತು ಅವರಿಗೆ. ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಒಂದು ಲಾಡು ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದರು. ನಾನು ಕೈ ಅಡ್ಡ ಮಾಡಿ ಬೇಡ ಸರ್ ಎಂದೆ.

ಅವರಿಗೆ ನನ್ನ ಗುರುತು ಸಿಕ್ಕಿತು. ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ, ಖುಷಿಯಲ್ಲಿ ಆಡಿದ ಮಾತು.

"ಅವತ್ತ ತಿನಬ್ಯಾಡ ಅಂದ್ರ ತಿಂದಿ. ಇವತ್ತ ತಿನ್ನು ಅಂದ್ರ ಬ್ಯಾಡ ಅಂತಿ. ಎಂಥಾ ಹುಡುಗಿವ್ವ ನೀ."

ಸುತ್ತ ಇದ್ದವರು ನಕ್ಕರು. ರೂಢಿಯಂತೆ ನಾನೂ ನಕ್ಕೆ. ಅವ್ವ ಎದುರು ಮನೆಯಾಕೆಯ ಕೈ ಬಿಡಿಸಿಕೊಂಡಳು. ಅವಳು ಏನೋ ಹೇಳಲಿದ್ದಾಳೆ ಎಂದು ಗೊತ್ತಾಗಿ ನಾನು ಅವಳ ಸೆರಗು ಜಗ್ಗಿದೆ. ನಾನು ಜಗ್ಗಿದ್ದು ಅವಳಿಗೆ ಗೊತ್ತೇ ಆಗಲಿಲ್ಲವೇನೋ.

"ಆಕಿ ಅವತ್ತ ತಿಂದಿಲ್ಲ ರೀ ಸರ್. ಆಕಿಗಿ ಸಕ್ರಿ ರೋಗ ಅದ. ಉಪಾಸ ಇದ್ರೂ ಏರ್ತದ ಅದು. ನಾನೇ ಮುಚ್ಚಿ ಇಟ್ಟೀನಿ."

ಡಪ್ಪಿನ ಸದ್ದು ಇತ್ತು, ಪಟಾಕಿ ಸದ್ದು ಇತ್ತು. ಆದರೂ ಕೇಳಬೇಕಾದವರಿಗೆ ಕೇಳಿಸಿತು. ಎದುರು ಮನೆಯಾಕೆ ಅವ್ವನಿಂದ ಒಂದು ಹೆಜ್ಜೆ ದೂರ ಸರಿದಳು. ದೌಲತಾಬಾದಿನ ಸಂಬಂಧ ಆ ಹೆಜ್ಜೆಗೇ ಮುಗಿಯಿತು ಎಂದು ನನಗೂ ತಿಳಿಯಿತು, ಅವ್ವನಿಗೂ ತಿಳಿಯಿತು. ಮಾಸ್ತರರು ಲಾಡು ಹಿಡಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಅವ್ವ ಇನ್ನೂ ಮುಗಿಸಿರಲಿಲ್ಲ.

"ಅವತ್ತ ಎಲ್ಲಾರಿಗೂ ನಿಂಬಿ ಶರಬತ್ ಕೊಟ್ರಿ. ನನ್ನ ಮಗಳಿಗಿ ಕೊಡ್ಲಿಲ್ಲ. ಆಕಿ ಉಪಾಸ ಇನ್ನಾ ಬಿಟ್ಟಿಲ್ಲ ರೀ."

ಮಾಸ್ತರರು ಲಾಡನ್ನು ಬುಟ್ಟಿಗೆ ಹಾಕಿದರು. ಅಂಗಿಗೆ ಕೈ ಒರೆಸಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೋದರು. ಹೊರಟೇ ಹೋದರು ಅಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಸೋಡಾ ಬಂಡಿಯಿಂದ ಒಂದು ಗ್ಲಾಸು ಹಿಡಿದುಕೊಂಡು, ಯಾರ ಕೈಯೂ ತಾಗದಂತೆ ಅದನ್ನು ಎದೆಗೆ ಅವಚಿಕೊಂಡು ಬಂದರು. ಸಕ್ಕರೆ ಹಾಕಿಲ್ಲ ತಾನೇ ಎಂದು ಅವ್ವ ಕೇಳಿದಳು. ಇಲ್ಲ, ಉಪ್ಪಷ್ಟೇ ಎಂದರು. ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

ರಸ್ತೆಯ ನಡುವೆ ನಿಂತು ಕುಡಿದೆ. ಬಹಳ ಹುಳಿ ಇತ್ತು, ಕಣ್ಣಲ್ಲಿ ನೀರು ಬಂತು. ಅವ್ವ ಗ್ಲಾಸು ಖಾಲಿಯಾಗುವವರೆಗೆ ನೋಡುತ್ತ ನಿಂತಿದ್ದಳು.